ಜೂನ್ ಒಂದನೇ ತಾರೀಖಿನವರು

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಸಿಸ್ಟಂ ಅನಲಿಸ್ಟ್’ ಎಂದಿತ್ತು. ಯಾರೂ ಕೊಟ್ಟ ಪದವಿಯಲ್ಲ, ನಾನೇ ಅಚ್ಚು ಹಾಕಿಸಿಕೊಂಡದ್ದು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ನಮ್ಮ ಬಾಸು, ನಾನು, ಟೈಪ್ ಮಾಡಿ ಮಾಹಿತಿ ತುಂಬುವ ಇಬ್ಬರು ಹೆಣ್ಣುಮಕ್ಕಳು, ಮೂರು ಕಂಪ್ಯೂಟರು. ಅದರಲ್ಲಿ ಒಂದು ಸದಾ ರಿಪೇರಿ. ಅಲ್ಲಿಯವರೆಗೆ ನಾನು ಅನಲೈಸ್ ಮಾಡಿದ್ದ ಅತಿ ದೊಡ್ಡ ಸಿಸ್ಟಂ ಎಂದರೆ ಒಂದು ವಾಚನಾಲಯದ ಪುಸ್ತಕಗಳ ಪಟ್ಟಿ. ಅದರಲ್ಲೂ ಒಂದು ಪುಸ್ತಕ ಹುಡುಕಿದರೆ ಎಲ್ಲ ಪುಸ್ತಕಗಳೂ ಎದ್ದು ಬರುತ್ತಿದ್ದವು. ಆದರೂ ತಲೆಯ ಮೇಲೆ ಕೊಂಬು ಬಂದಿತ್ತು. ಮದುವೆ ಮನೆಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ಡೇಟಾಬೇಸ್’ ಎಂದು ಒಂದೇ ಪದದಲ್ಲಿ ಹೇಳಿ, ಮುಂದೆ ವಿವರಿಸುವುದು ನನ್ನ ಘನತೆಗೆ ತಕ್ಕದ್ದಲ್ಲ ಎಂಬಂತೆ ಪಲ್ಯದ ಕಡೆ ತಿರುಗುತ್ತಿದ್ದೆ. ಒಬ್ಬ ಹಿರಿಯರು ಬೇಸ್ ಎಂದರೆ ಕಟ್ಟಡದ ಪಾಯ ಎಂದು ತಿಳಿದು, ಕೈ ತೊಳೆಯುವ ಜಾಗದವರೆಗೂ ನನ್ನ ಹಿಂದೆ ಬಂದು ತಮ್ಮ ಮನೆಯ ಗೋಡೆ ಬಿರುಕು ಬಿಟ್ಟದ್ದನ್ನು ಹೇಳಿಕೊಂಡರು.

ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ತಲೆ ಕೆಟ್ಟು ನಿಂತುಬಿಡುತ್ತವೆ ಎಂಬ ಗುಲ್ಲು ಎದ್ದು ತಣ್ಣಗಾಗಿದ್ದ ಕಾಲ. ಭದ್ರಾವತಿಯ ಹೊರಗೆ ಒಂದು ಸಣ್ಣ ಖಾಸಗಿ ಫೌಂಡ್ರಿ ಇತ್ತು. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ನೀರೆತ್ತುವ ಪಂಪಿನ ಬಿಡಿಭಾಗಗಳನ್ನು ಮಾಡುತ್ತಿದ್ದರು. ಈಗ ಅದು ಇಲ್ಲ. ಆ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ. ಆ ಫೌಂಡ್ರಿಯಲ್ಲಿ ನೂರಕ್ಕೂ ಹೆಚ್ಚು ಜನ ಹಂಗಾಮಿಯಾಗಿ ದುಡಿಯುತ್ತಿದ್ದರು. ಕಾರ್ಮಿಕರ ಸಂಘದವರೂ ಯಜಮಾನರೂ ಕೂತು ಮಾತಾಡಿ, ಹಂಗಾಮಿಗಳಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಕೆಲಸ ಮಾಡಿದ ಇಪ್ಪತ್ತು ಜನರನ್ನು ಖಾಯಂ ಮಾಡುವುದೆಂದು ಒಪ್ಪಂದಕ್ಕೆ ಬಂದಿದ್ದರು. ಯಾರು ಎಷ್ಟು ದಿನ ಬಂದಿದ್ದಾರೆ ಎಂಬುದನ್ನು ಹಾಜರಿ ಪುಸ್ತಕಗಳಿಂದ ತೆಗೆದು ಕಂಪ್ಯೂಟರಿಗೆ ಹಾಕಿ, ಕೂಡಿಸಿ, ಇಪ್ಪತ್ತು ಹೆಸರು ಕೊಡುವುದು ನಮ್ಮ ಕೆಲಸ. ನಮ್ಮದು ಅಂದರೆ ನನ್ನದು. ಬಾಸು ನನ್ನ ಬೆನ್ನು ತಟ್ಟಿ ಭದ್ರಾವತಿ ಬಸ್ಸು ಹತ್ತಿಸಿದರು.

ಖಾಯಂ ಎಂದರೆ ಅಲ್ಲಿಯವರಿಗೆ ಏನು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹಂಗಾಮಿಗಳು ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಹೊರಗೆ ನಿಲ್ಲಬೇಕು. ಒಳಗೆ ಕರೆದರೆ ಆ ದಿನ ಕೆಲಸ, ಇಲ್ಲವಾದರೆ ಬುತ್ತಿಯ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ವಾಪಸು. ಹದಿನೈದು ದಿನ ಜ್ವರ ಬಂದು ಮಲಗಿದರೆ ಆ ಜಾಗಕ್ಕೆ ಇನ್ನೊಬ್ಬರು. ಖಾಯಂ ಆದವರು ಗೇಟಿನಲ್ಲಿ ನಿಲ್ಲಬೇಕಾಗಿಲ್ಲ, ನೇರ ಒಳಗೆ ಹೋಗುವುದು. ಇದನ್ನು ನಾನು ದಿನವೂ ಕಣ್ಣಾರೆ ನೋಡುತ್ತಿದ್ದೆ. ನೋಡುತ್ತಾ ಅವರ ನಡುವೆಯೇ ದಾರಿ ಬಿಡಿಸಿಕೊಂಡು, ಮಾಹಿತಿ ತುಂಬಿಟ್ಟ ಫ್ಲಾಪಿಗಳ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋಗುತ್ತಿದ್ದೆ. ಆ ಡಬ್ಬಿಯ ವಿಚಾರದಲ್ಲಿ ನನಗೆ ವಿಪರೀತ ಭಯ. ಆಯಸ್ಕಾಂತ ತಾಗಿದರೆ ಫ್ಲಾಪಿ ಅಳಿಸಿಹೋಗುತ್ತದೆ ಎಂದು ಎಲ್ಲೋ ಓದಿದ್ದೆ. ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಕತ್ತಿಯ ಹಿಡಿ ಇಣುಕಿದರೂ ಸಾಕು, ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ಕಂಡಕ್ಟರು ನನ್ನನ್ನು ಏನೆಂದು ತಿಳಿದಿದ್ದನೋ, ಒಂದು ದಿನ ‘ಸಾರ್, ಅದ್ರಲ್ಲಿ ಇಂಜೆಕ್ಷನ್ ಮದ್ದು ಇದ್ಯಾ, ಐಸ್ ಬೇಕಾ’ ಎಂದು ಕೇಳಿದ.

ಫೌಂಡ್ರಿಯಲ್ಲಿ ನನಗೊಂದು ಕೋಣೆ ಕೊಟ್ಟರು. ಇಡೀ ಕಾರ್ಖಾನೆಯಲ್ಲಿ ಎ.ಸಿ. ಇದ್ದದ್ದು ಯಜಮಾನರ ಕೋಣೆಗೆ ಮತ್ತು ಕಂಪ್ಯೂಟರಿಗೆ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟೇ ಬರಬೇಕು ಎಂದು ಬೋರ್ಡು. ಯಜಮಾನರೂ ಬೂಟು ಬಿಚ್ಚಿ, ಒಳಗೆ ಬಂದು, ಅಭ್ಯಾಸ ಬಲದಿಂದ ಮಾನಿಟರಿನ ಕಡೆಗೆ ಒಂದು ಅರ್ಧ ನಮಸ್ಕಾರ ಹಾಕುತ್ತಿದ್ದರು. ಅದು ನನಗೇ ಹಾಕಿದ್ದು ಎಂದು ಮೊದಲ ವಾರ ತಿಳಿದುಕೊಂಡಿದ್ದೆ.

ಹಾಜರಿಯ ಲೆಕ್ಕವೆಲ್ಲ ಟೈಮ್ ಕೀಪರ್ ಒಬ್ಬರ ಕೈಯಲ್ಲಿತ್ತು. ಅರವತ್ತಕ್ಕೆ ಹತ್ತಿರದವರು, ಹಣೆಗೆ ವಿಭೂತಿ, ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ನು. ಇಪ್ಪತ್ತೈದು ವರ್ಷದಿಂದ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಪ್ರತಿಯೊಬ್ಬರ ಹೆಸರಿನ ಮುಂದೆ ಗುರುತು ಹಾಕಿದವರು. ಮೊದಲ ದಿನ ಅವರು ಹೊತ್ತು ತಂದ ಉದ್ದನೆಯ ಪುಸ್ತಕಗಳನ್ನು ನೋಡಿ ನಾನು ಮೂಗು ಮುರಿದೆ. ಕೆಲವು ಹೆಸರುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪುಟ್ಟ ಅಕ್ಷರಗಳಿದ್ದವು. ಒಂದು ಕಡೆ ‘ಮ’, ಇನ್ನೊಂದು ಕಡೆ ‘ಹ’.

“ಇದೇನಿದು?” ಎಂದೆ.

“ಅದು ಗುರುತು ಮಾರಾಯ್ರೆ. ಒಂದೇ ಹೆಸರಿನೋರು ಇಬ್ಬಿಬ್ರು ಇದ್ರೆ—”

“ಇರ್ಲಿ ಬಿಡಿ. ಕಂಪ್ಯೂಟರಿಗೆ ಅದೆಲ್ಲ ಬೇಡ. ಅದಕ್ಕೆ ಕಾಲಂ ಇಲ್ಲ.”

“ಕಾಲಂ ಇಲ್ವಾ?”

“ಇಲ್ಲ.”

ಅವರು ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೋದರು. ಕಾಲಂ ಇಟ್ಟವನು ನಾನು, ಇನ್ನೊಂದು ಇಡಬೇಕಾದವನೂ ನಾನು. ಆದರೆ ಕಾಲಂ ಇಲ್ಲ ಎನ್ನುವಾಗ, ತಾಲ್ಲೂಕು ಕಚೇರಿಯ ಗುಮಾಸ್ತ ಸಾಹೇಬರಿಲ್ಲ ಎನ್ನುವಾಗ ಸಿಗುವಂಥದೇ ಒಂದು ಸುಖ ನನಗೆ ಸಿಕ್ಕಿತು. ಸುಳ್ಳು ಯಾಕೆ ಹೇಳಲಿ.

ಆದರೆ ನಾನು ಒಂದು ಕಾಲಂ ಮಾತ್ರ ಹಟ ಹಿಡಿದು ಇಟ್ಟಿದ್ದೆ, ಜನ್ಮ ದಿನಾಂಕದ್ದು. ಅದನ್ನು ಖಾಲಿ ಬಿಟ್ಟರೆ ಮುಂದಿನ ಸಾಲಿಗೆ ಹೋಗಲಾರದಂತೆ ಪ್ರೋಗ್ರಾಂ ಬರೆದಿದ್ದೆ. ಒಳ್ಳೆಯ ಡೇಟಾಬೇಸಿನ ಲಕ್ಷಣ ಅದು ಎಂದು ಪುಸ್ತಕದಲ್ಲಿತ್ತು. ಫೌಂಡ್ರಿಯ ಹಂಗಾಮಿಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ತಾವು ಹುಟ್ಟಿದ ತಾರೀಖು ಗೊತ್ತಿಲ್ಲ ಎಂಬುದು ಪುಸ್ತಕದಲ್ಲಿರಲಿಲ್ಲ. ಟೈಮ್ ಕೀಪರು ಬಂದು ಕೇಳಿದರು, “ಗೊತ್ತಿಲ್ದಿದ್ರೆ ಏನ್ ಬರೀಲಿ?” ನಾನು ಪರದೆಯಿಂದ ಕಣ್ಣು ತೆಗೆಯದೆ, “ಏನಾದ್ರೂ ಬರೀರಿ, ಖಾಲಿ ಬಿಡ್ಬೇಡಿ” ಎಂದೆ. ಅವರು ಒಂದು ಮಧ್ಯಾಹ್ನ ಅಂಥವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಖ ನೋಡಿ, ಮೂವತ್ತು, ಮೂವತ್ತೈದು, ನಲವತ್ತು ಎಂದು ವಯಸ್ಸು ಅಂದಾಜು ಮಾಡಿ, ಹಿಂದಕ್ಕೆ ಎಣಿಸಿ ಇಸವಿ ಹಾಕಿ, ತಾರೀಖಿನ ಜಾಗದಲ್ಲಿ ಎಲ್ಲರಿಗೂ ಜೂನ್ ಒಂದು ಎಂದು ಬರೆದರು.

ಜೂನ್ ಒಂದು ಯಾಕೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದಬೇಕು ಎಂದು ಹೆಡ್‌ಮಾಸ್ತರರು ಎಲ್ಲ ಮಕ್ಕಳನ್ನೂ ಅವತ್ತೇ ಹುಟ್ಟಿಸಿಬಿಡುತ್ತಿದ್ದರು. ನಾನೂ ಜೂನ್ ಒಂದರವನೇ. ನಾನು ಹುಟ್ಟಿದ್ದು ಕಾರ್ತೀಕ ಮಾಸದಲ್ಲಿ ಎಂದು ಅಮ್ಮ ಹೇಳುತ್ತಾಳೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅದನ್ನು ಒಪ್ಪುವುದಿಲ್ಲ. ನಮ್ಮ ಬಾಸೂ ಜೂನ್ ಒಂದು. ಇಬ್ಬರು ಟೈಪಿಸ್ಟರಲ್ಲಿ ಒಬ್ಬಳು ಜೂನ್ ಒಂದು. ಅವತ್ತು ಆಫೀಸಿನಲ್ಲಿ ಮೂವರೂ ಒಬ್ಬರಿಗೊಬ್ಬರು ಹ್ಯಾಪಿ ಬರ್ತ್‌ಡೇ ಹೇಳಿ, ನಾಲ್ಕನೆಯವಳಿಂದ ಜಾಮೂನು ತರಿಸಿಕೊಂಡು ತಿನ್ನುತ್ತಿದ್ದೆವು. ಹೀಗಿರುವಾಗಲೂ ನನ್ನ ಬುದ್ಧಿಗೆ ಹೊಳೆಯಬೇಕಾದದ್ದು ಹೊಳೆಯಲಿಲ್ಲವಲ್ಲ, ಅದಕ್ಕೆ ಏನು ಹೇಳಲಿ.

ಕೆಲಸದಲ್ಲಿ ಒಂದು ತೊಡಕಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾಗುತ್ತಿದ್ದ. ಬದಲಾದಾಗಲೆಲ್ಲ ಕೆಲಸಗಾರರಿಗೆ ಹೊಸ ಟೋಕನ್ ನಂಬರು. ಹಾಗಾಗಿ ಒಬ್ಬರೇ ಮನುಷ್ಯ ಪುಸ್ತಕದಲ್ಲಿ ಮೂರು ನಾಲ್ಕು ನಂಬರಿನಲ್ಲಿ ಇರುತ್ತಿದ್ದರು. ಅವೆಲ್ಲ ಒಬ್ಬರದೇ ಎಂದು ಗುರುತಿಸಿ, ದಿನಗಳನ್ನು ಕೂಡಿಸಿ, ಹಳೆಯ ನಂಬರುಗಳನ್ನು ತೆಗೆಯಬೇಕು. ಟೈಮ್ ಕೀಪರು ತಾವು ಕೂತು ಒಂದೊಂದೇ ಹೇಳುತ್ತೇನೆ, ಎಂಟು ಹತ್ತು ದಿನ ಹಿಡಿಯುತ್ತದೆ ಎಂದರು. ಎಂಟು ಹತ್ತು ದಿನ! ನಾನು ನಕ್ಕೆ. ಒಂದು ಪ್ರೋಗ್ರಾಂ ಬರೆದೆ. ಹೆಸರು ಒಂದೇ, ಇನಿಷಿಯಲ್ ಒಂದೇ, ಜನ್ಮ ದಿನಾಂಕ ಒಂದೇ ಆಗಿದ್ದರೆ ಅವರು ಒಬ್ಬರೇ. ದಿನಗಳನ್ನು ಒಂದು ನಂಬರಿಗೆ ಸೇರಿಸು, ಉಳಿದದ್ದನ್ನು ಅಳಿಸು. ಆ ಪ್ರೋಗ್ರಾಮಿಗೆ ನಾನಿಟ್ಟ ಹೆಸರು ‘ಡೂಪ್ಲಿಕೇಟ್’. ಗುಂಡಿ ಒತ್ತಿದೆ. ನಾಲ್ಕು ನಿಮಿಷ. ಟೈಮ್ ಕೀಪರಿಗೆ ಕೇಳಲಿ ಎಂದೇ ಜೋರಾಗಿ “ನಾಲ್ಕೇ ನಿಮಿಷ” ಎಂದೆ. ಆಮೇಲೆ ಶಿಸ್ತಿನ ಮನುಷ್ಯನಾದ್ದರಿಂದ ಬ್ಯಾಕಪ್ ತೆಗೆದೆ. ದಿನವೂ ಅದೇ ಫ್ಲಾಪಿಯ ಮೇಲೆ, ನಿನ್ನೆಯದನ್ನು ಅಳಿಸಿ ಇವತ್ತಿನದನ್ನು ತುಂಬುತ್ತಿದ್ದೆ.

ಬುಧವಾರ ಬೆಳಿಗ್ಗೆ ಇಪ್ಪತ್ತು ಹೆಸರಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ನಾನೇ ಅಂಟಿಸಿದೆ. ಕಾರ್ಮಿಕ ಇಲಾಖೆಗೆ ಅದು ಶನಿವಾರ ಹೋಗಬೇಕು. ಹೋದ ಮೇಲೆ ತಿದ್ದುವ ಹಾಗಿಲ್ಲ. ಜನ ಮುತ್ತಿಕೊಂಡರು. ಓದು ಬಲ್ಲವನೊಬ್ಬ ಜೋರಾಗಿ ಓದಿದ. ಮೊದಲನೆಯ ಹೆಸರೇ ಒಬ್ಬ ಹೆಂಗಸಿನದು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಸಂತೆಯಲ್ಲಿ ನಿಂತು ಆ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಇಲ್ಲಿ ಇಬ್ಬರು ತಿರುಗಿದರು. ಇಬ್ಬರೂ ಒಂದೇ ಸಲ ‘ನಾನು’ ಎಂದರು. ಒಬ್ಬಾಕೆ ಕೋರ್ ವಿಭಾಗದಲ್ಲಿ ಅಚ್ಚಿನೊಳಗೆ ಇಡುವ ಮರಳಿನ ಗಟ್ಟಿಗಳನ್ನು ಮಾಡಿ ಒಲೆಯಲ್ಲಿ ಸುಡುತ್ತಿದ್ದವಳು, ದಿನವೂ ಮಲವಗೊಪ್ಪದಿಂದ ಬಸ್ಸಿನಲ್ಲಿ ಬರುವವಳು. ಇನ್ನೊಬ್ಬಾಕೆ ಅಂಗಳದಲ್ಲಿ ಮರಳು ಜರಡಿ ಹಿಡಿಯುತ್ತಿದ್ದವಳು, ಭದ್ರಾವತಿಯ ಹಳೇನಗರದವಳು, ಮನೆಮಾತು ತಮಿಳು. ಓದುತ್ತಿದ್ದವನು ಟೋಕನ್ ನಂಬರು ಓದಿದ. ಅದು ಹಳೇನಗರದಮ್ಮನದು. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಲವಗೊಪ್ಪದಮ್ಮ ಉಳಿದ ಹತ್ತೊಂಬತ್ತು ಹೆಸರನ್ನೂ ಕೇಳಿಸಿಕೊಂಡು, ಇನ್ನೊಂದು ಸಲ ಓದು ಎಂದು ಹೇಳಿ ಕೇಳಿಸಿಕೊಂಡು, ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಹಿಂದೆ ಏಳೆಂಟು ಜನ.

“ಸಾರ್, ನನ್ ಹೆಸ್ರು ಬಿಟ್ಟೋಗಿದೆ. ಹನ್ನೊಂದು ವರ್ಷ ಆಯ್ತು ನಾನು ಬಂದು. ನೋಡಿ.”

ನಾನು ನಂಬರು ಕೇಳಿ ಒತ್ತಿದೆ. ಪರದೆಯಲ್ಲಿ ಏನೂ ಬರಲಿಲ್ಲ.

“ಈ ನಂಬರಿನಲ್ಲಿ ಯಾರೂ ಇಲ್ಲಮ್ಮ.”

“ಇಲ್ಲ ಅಂದ್ರೆ? ಇಲ್ಲೇ ನಿಂತಿದೀನಲ್ಲ!”

ಆಗ ನನಗೆ ನೆನಪಾಯಿತು, ಅಳಿಸಿದವರದೊಂದು ಪಟ್ಟಿ ತೆಗೆದಿಟ್ಟಿದ್ದೆ. ಅದರಲ್ಲಿ ಹುಡುಕಿದೆ. ಸಿಕ್ಕಿತು. ಸಿಕ್ಕ ಖುಷಿಯಲ್ಲಿ, ಇಡೀ ಕಾರಿಡಾರಿಗೆ ಕೇಳುವ ಹಾಗೆ ಹೇಳಿದೆ:

“ಹಾಂ, ಗೊತ್ತಾಯ್ತು. ನೀವು ಡೂಪ್ಲಿಕೇಟ್.”

ನಮ್ಮ ವೃತ್ತಿಯಲ್ಲಿ ಆ ಪದಕ್ಕೆ ಎರಡನೆಯ ಸಲ ಬಂದದ್ದು ಎಂದಷ್ಟೇ ಅರ್ಥ. ಬಜಾರಿನಲ್ಲಿ ಅದಕ್ಕೆ ಖೋಟಾ ಎಂದರ್ಥ. ಡೂಪ್ಲಿಕೇಟ್ ಸೋಪು, ಡೂಪ್ಲಿಕೇಟ್ ವಾಚು, ಡೂಪ್ಲಿಕೇಟ್ ಡಾಕ್ಟರು. ನಾನೇನು ಲಂಡನ್ನಿನಲ್ಲಿ ಹುಟ್ಟಿದವನೇ? ಅದೇ ಬಜಾರಿನಲ್ಲಿ ಚೌಕಾಸಿ ಮಾಡಿ ಬೆಳೆದವನು. ಆದರೆ ಎ.ಸಿ. ಕೋಣೆಯಲ್ಲಿ ಕೂತವನಿಗೆ ಬಜಾರಿನ ಕನ್ನಡ ಮರೆತುಹೋಗಿತ್ತು. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಆಕೆಯ ಮುಖ ಕೆಂಡವಾಯಿತು.

“ಯಾರನ್ನ ಡೂಪ್ಲಿಕೇಟ್ ಅಂತೀಯೋ? ಗಾಂಧಿ ಬಜಾರಲ್ಲಿ ಫುಟ್‌ಪಾತಿನ ಮೇಲೆ ಇಟ್ಟಿರೋ ಚಪ್ಲೀನಾ ನಾನು? ಹನ್ನೊಂದು ವರ್ಷ ಆ ಒಲೆ ಮುಂದೆ ಬೆಂದಿದೀನಿ. ಕೈ ನೋಡು, ಇದು ಡೂಪ್ಲಿಕೇಟಾ?”

ಮೊಣಕೈವರೆಗೆ ಸುಟ್ಟ ಕಲೆಗಳಿದ್ದ ಕೈಯನ್ನು ಬಾಗಿಲಿನಿಂದ ಒಳಗೆ ಚಾಚಿದಳು. ಅಷ್ಟು ಸಿಟ್ಟಿನಲ್ಲೂ ಹೊಸ್ತಿಲು ದಾಟಲಿಲ್ಲ. ಚಪ್ಪಲಿ ಬಿಡಿ ಎಂಬ ಬೋರ್ಡಿತ್ತಲ್ಲ. ನಾನು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡು, “ಅದು ನಾನ್ ಹೇಳ್ತಿರೋದಲ್ಲ, ಕಂಪ್ಯೂಟರ್ ಹೇಳ್ತಿರೋದು” ಎಂದೆ. ನಾಚಿಕೆಗೆಟ್ಟ ಮಾತು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಈಗಲೂ ನೆನಪಾದರೆ ಒಬ್ಬನೇ ಇದ್ದರೂ ತಲೆ ತಗ್ಗಿಸುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಆ ಪದ ಇಡೀ ಫೌಂಡ್ರಿಗೆ ಹಬ್ಬಿತ್ತು. ಕ್ಯಾಂಟೀನಿನ ಸಾಲಿನಲ್ಲಿ ಯಾವನೋ ‘ಡೂಪ್ಲಿಕೇಟಮ್ಮ ಬಂದ್ರು, ದಾರಿ ಬಿಡ್ರಪ್ಪೋ’ ಎಂದನಂತೆ. ಆಕೆ ಊಟ ಮಾಡದೆ ಎದ್ದು ಹೋದಳಂತೆ. ಇದನ್ನು ನನಗೆ ಹೇಳಿದವರು ಟೈಮ್ ಕೀಪರು. ಅದೇ ಹೊತ್ತಿಗೆ ಹಳೇನಗರದಮ್ಮ ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ಬಂದಳು. ಬಾಗಿಲಲ್ಲೇ ನಿಂತು, “ನಿಮ್ಮಿಂದಾನೇ ಸಾರ್, ತಗೋಳಿ” ಎಂದು ಎರಡು ತುಂಡು ಕೊಟ್ಟಳು. ನಾನು ದೊಡ್ಡ ಮನುಷ್ಯನ ಹಾಗೆ, “ಎಲ್ಲ ನಿಮ್ಮ ದುಡಿಮೆ ಅಮ್ಮ” ಎಂದು ಹೇಳಿ ಎರಡನ್ನೂ ತಿಂದೆ.

ಟೈಮ್ ಕೀಪರು ಅದನ್ನೆಲ್ಲ ನೋಡುತ್ತಾ ನಿಂತಿದ್ದರು. ಆಕೆ ಹೋದ ಮೇಲೆ ಒಳಗೆ ಬಂದರು.

“ಈ ಅಮ್ಮಂದು ಒಂದು ತಿಂಗಳ ಹಾಜರಿ ತೆಗೀರಿ ನೋಡಾಣ. ಹೋದ ಮಾರ್ಚಿಂದು.”

ತೆಗೆದೆ. ಪ್ರಿಂಟರು ಕಿರ್ರೆಂದು ಹಾಳೆ ಉಗುಳಿತು. ಅವರು ಕನ್ನಡಕ ಸರಿಮಾಡಿಕೊಂಡು ಓದಿ, ಹಾಳೆಯನ್ನು ನನ್ನ ಮುಂದೆ ಇಟ್ಟರು. ಅಲ್ಲಿಯವರೆಗೆ ಮಾರಾಯ್ರೆ ಎನ್ನುತ್ತಿದ್ದವರು ಆ ಗಳಿಗೆಯಿಂದ ಏಕವಚನಕ್ಕೆ ಇಳಿದರು.

“ನಲವತ್ತೊಂಬತ್ತು ದಿನ ಕೆಲ್ಸ ಮಾಡಿದಾಳೆ ಅಂತಿದೆ. ಅಲ್ಲ ಮಾರಾಯ, ನಿಮ್ಮ ಶಿವಮೊಗ್ಗದಲ್ಲಿ ಮಾರ್ಚಿಗೆ ಎಷ್ಟು ದಿನ?”

ನನ್ನ ಬಾಯಿಯಲ್ಲಿ ಇನ್ನೂ ಮೈಸೂರುಪಾಕಿನ ತುಪ್ಪದ ರುಚಿ ಇತ್ತು. ಇಬ್ಬರು ಹೆಂಗಸರು. ಹೆಸರು ಒಂದೇ. ಗಂಡಂದಿರ ಹೆಸರಿನ ಮೊದಲಕ್ಷರ ಒಂದೇ. ಹುಟ್ಟಿದ್ದು ಇಬ್ಬರೂ ಜೂನ್ ಒಂದು, ಇಬ್ಬರ ವಯಸ್ಸೂ ಟೈಮ್ ಕೀಪರ ಕಣ್ಣಂದಾಜಿನಲ್ಲಿ ಮೂವತ್ತೈದು. ನನ್ನ ನಾಲ್ಕು ನಿಮಿಷದ ಪ್ರೋಗ್ರಾಂ ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಿ, ಮಲವಗೊಪ್ಪದವಳ ಹನ್ನೊಂದು ವರ್ಷವನ್ನು ಹಳೇನಗರದವಳ ಸೆರಗಿಗೆ ಕಟ್ಟಿತ್ತು. ‘ಮ’ ಎಂದರೆ ಮಲವಗೊಪ್ಪ, ‘ಹ’ ಎಂದರೆ ಹಳೇನಗರ. ಅದನ್ನು ಅವರು ಮೊದಲ ದಿನವೇ ಹೇಳಹೊರಟಿದ್ದರು. ನಾನು ಕಾಲಂ ಇಲ್ಲ ಎಂದಿದ್ದೆ.

ಬ್ಯಾಕಪ್ ಫ್ಲಾಪಿ ಹಾಕಿ ನೋಡಿದೆ. ಒಂದೇ ಒಂದು ಅಕ್ಷರ ಹಾಳಾಗದೆ ಎಲ್ಲವೂ ಇತ್ತು. ನನ್ನ ತಪ್ಪು ಸೇರಿದಂತೆ ಎಲ್ಲವೂ. ಬಸ್ಸಿನಲ್ಲಿ ನೂರು ಮಂದಿಯ ಕತ್ತಿ ಕುಡುಗೋಲುಗಳಿಂದ ಕಾಪಾಡಿಕೊಂಡು ಬಂದದ್ದು ಇದನ್ನು.

ಯಜಮಾನರು ಸುದ್ದಿ ಕೇಳಿ ಬಂದರು. ನಿಜ ಹೇಳಿಬಿಡಬೇಕಿತ್ತು. ಆದರೆ ನಾಲಿಗೆ ತಾನಾಗಿ ಹೊರಳಿತು: “ವೈರಸ್ ಇರ್ಬಹುದು ಸಾರ್.” ಅವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ಹತ್ತು ನಿಮಿಷದಲ್ಲಿ ಒಬ್ಬ ಹೆಂಗಸು ಬಕೆಟ್ಟು ತಂದು ಇಡೀ ಕೋಣೆಯನ್ನು ಫಿನಾಯಿಲ್ ಹಾಕಿ ಒರೆಸಿದಳು. ನಾನು ಕಾಲು ಮೇಲೆತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಮೂಲೆಯಲ್ಲಿ ಟೈಮ್ ಕೀಪರು ಕೈ ಕಟ್ಟಿಕೊಂಡು ನಿಂತು ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಆ ಫಿನಾಯಿಲ್ ವಾಸನೆಯಲ್ಲಿ ಐದು ನಿಮಿಷ ಕೂತವನಿಗೆ ತಡೆಯಲಾಗಲಿಲ್ಲ. ಎದ್ದು, ಬರಿಗಾಲಲ್ಲೇ ಯಜಮಾನರ ಕೋಣೆಗೆ ಹೋಗಿ, “ಸಾರ್, ವೈರಸ್ ಅಲ್ಲ. ತಪ್ಪು ನನ್ನದೇ” ಎಂದೆ. ಅವರು ಬೈದರು, ಸಣ್ಣದಾಗಿ ಏನಲ್ಲ. ನನ್ನ ಕಾರ್ಡನ್ನು ಮೇಜಿನಿಂದ ತೆಗೆದು ಜೋರಾಗಿ ಓದಿ ಬೈದರು. ಕೊನೆಗೆ, “ಶನಿವಾರದೊಳಗೆ ಸರಿ ಮಾಡಿ. ಆಗ್ದಿದ್ರೆ ಇದೇ ಪಟ್ಟಿ ಹೋಗುತ್ತೆ. ಆ ಹೆಂಗಸಿಗೆ ನೀವೇ ಜವಾಬು ಹೇಳ್ಕೊಳ್ಳಿ” ಎಂದರು.

ನಾವು ಕಂಪ್ಯೂಟರಿಗೆ ಹಾಕಿ ಮುಗಿಸಿದ ಹಾಜರಿ ಪುಸ್ತಕಗಳನ್ನು ರದ್ದಿಗೆ ಹಾಕಿ ಎಂದು ಹಿಂದಿನ ವಾರ ಸಲಹೆ ಕೊಟ್ಟವನೂ ನಾನೇ. ಇನ್ನು ಅವುಗಳ ಕೆಲಸ ಮುಗಿಯಿತು ಎಂದಿದ್ದೆ. ಟೈಮ್ ಕೀಪರು ಹೂಂ ಎಂದು ತಲೆಯಾಡಿಸಿ, ಒಂದನ್ನೂ ಹಾಕಿರಲಿಲ್ಲ. ಸೈಕಲ್ ಸ್ಟ್ಯಾಂಡಿನ ಹಿಂದಿನ ಗೂಡಿನಲ್ಲಿ ಎರಡು ತಗಡಿನ ಟ್ರಂಕುಗಳಲ್ಲಿ ಎಲ್ಲವನ್ನೂ ಜೋಡಿಸಿ ಬೇವಿನ ಸೊಪ್ಪು ಹಾಕಿಟ್ಟಿದ್ದರು. ಗುರುವಾರ ಮತ್ತು ಶುಕ್ರವಾರ ನಾವಿಬ್ಬರೂ ಆ ಗೂಡಿನ ಮುಂದೆ ಮರದ ಬೆಂಚಿನ ಮೇಲೆ ಕೂತೆವು. ಅವರು ಓದುವುದು, ನಾನು ಬರೆಯುವುದು. ಪ್ರೋಗ್ರಾಂ ಸೇರಿಸಿದ್ದ ಪ್ರತಿಯೊಬ್ಬರನ್ನೂ ಬಿಡಿಸಿ ನೋಡಿದೆವು. ಅವರು ಪುಸ್ತಕ ನೋಡುತ್ತಲೇ ಇರಲಿಲ್ಲ ಎನ್ನಬಹುದು. ಹೆಸರು ಹೇಳಿದರೆ, “ಇವನಾ, ಕಾಲಿಗೆ ಕಬ್ಬಿಣ ಬಿದ್ದು ಮೂರು ತಿಂಗ್ಳು ಬರ್ಲಿಲ್ಲ, ಆಮೇಲೆ ಬೇರೆ ನಂಬರ್ ಕೊಟ್ವಿ” ಎಂದು ಹೇಳಿ, ಆಮೇಲೆ ಪುಟ ತೆಗೆದರೆ ಸರಿಯಾಗಿ ಹಾಗೇ ಇರುತ್ತಿತ್ತು. ನಾನು ಬರೆಯಬೇಕಿದ್ದ ಪ್ರೋಗ್ರಾಂ ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ನನ್ನ ಪಕ್ಕದಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿತ್ತು. ಇನ್ನೂ ಎರಡು ಕಡೆ ನಾನು ಇಬ್ಬರನ್ನು ಒಬ್ಬರು ಮಾಡಿದ್ದು ಸಿಕ್ಕಿತು. ಅವರು ದಿನದ ಲೆಕ್ಕದಲ್ಲಿ ತೀರಾ ಕೆಳಗಿದ್ದರು, ಪಟ್ಟಿ ಬದಲಾಗಲಿಲ್ಲ. ನನ್ನ ಪುಣ್ಯ.

ಗುರುವಾರ ಮಧ್ಯಾಹ್ನ ಮಲವಗೊಪ್ಪದಮ್ಮ ಆ ಬೆಂಚಿನ ಹತ್ತಿರ ಹಾದುಹೋದಳು. ನಮ್ಮ ಕಡೆ ನೋಡಲಿಲ್ಲ. ನಾನು ಎದ್ದು ನಿಂತೆ.

“ಅಮ್ಮಾ, ತಪ್ಪು ನನ್ನದು. ನಿಮ್ಮ ಹೆಸರು ಸೇರಿಸ್ತಿದೀವಿ.”

“ನಿನ್ನೆ ಅಷ್ಟು ಜೋರಾಗಿ ಹೇಳಿದ್ರಲ್ಲ ಸಾರ್,” ಎಂದಳು. “ಇದನ್ನೂ ಅಷ್ಟೇ ಜೋರಾಗಿ ಹೇಳಿ. ಊಟದ ಹೊತ್ನಲ್ಲಿ ಹೇಳಿ, ಎಲ್ರೂ ಇರ್ತಾರೆ.”

ಹೇಳಿದೆ. ಶುಕ್ರವಾರ ಕ್ಯಾಂಟೀನಿನಲ್ಲಿ, ಚಿತ್ರಾನ್ನದ ತಟ್ಟೆಗಳ ನಡುವೆ ನಿಂತು, ಈ ಅಮ್ಮ ಡೂಪ್ಲಿಕೇಟ್ ಅಲ್ಲ, ಹನ್ನೊಂದು ವರ್ಷ ಇಲ್ಲೇ ದುಡಿದಿದ್ದಾರೆ, ತಪ್ಪಾಗಿ ಅಳಿಸಿದವನು ನಾನು ಎಂದು ಕೂಗಿದೆ. ಕೊನೆಯ ಮಾತು ಕೀಚಲಾಗಿ ಬಂತು. ಯಾರೋ ಹಿಂದಿನಿಂದ, “ಹಂಗಾರೆ ಡೂಪ್ಲಿಕೇಟ್ ನೀವೇ ಅನ್ನಿ ಸಾರ್” ಎಂದರು. ಎಲ್ಲರೂ ಹೋ ಎಂದು ನಕ್ಕರು. ಆಕೆ ನಗಲಿಲ್ಲ. ತಲೆಯಾಡಿಸಿ, ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಉಣ್ಣತೊಡಗಿದಳು. ಅಂದಿನಿಂದ ಆ ಕೆಲಸ ಮುಗಿಯುವವರೆಗೂ ಫೌಂಡ್ರಿಯಲ್ಲಿ ನನ್ನ ಹೆಸರು ‘ಡೂಪ್ಲಿಕೇಟ್ ಸಾರ್’.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆಯನ್ನು ಮದುವೆ ಮನೆಗಳಲ್ಲಿ ಹೇಳಿಕೊಂಡು ನಗಿಸುತ್ತಿದ್ದೆ. ಸ್ವಲ್ಪ ಕಾಲ ಹೇಳಿದ್ದೂ ಉಂಟು, ಇಲ್ಲಿಗೇ ನಿಲ್ಲಿಸಿ.

ಶುಕ್ರವಾರ ಸಂಜೆ ಹೊಸ ಪಟ್ಟಿ ಬಂತು. ಮಲವಗೊಪ್ಪದಮ್ಮ ಆರನೆಯವಳು. ಖಾಯಂ. ಹಳೇನಗರದಮ್ಮನ ಸ್ವಂತ ದಿನಗಳನ್ನಷ್ಟೇ ಎಣಿಸಿದರೆ ಆಕೆ ಇಪ್ಪತ್ತಮೂರನೆಯವಳು. ನಾನು ಮಾಡಿದ್ದ ತಪ್ಪಿಗೆ ಎರಡು ತುದಿ ಇದ್ದವು. ಎರಡು ದಿನ ನಾನು ಒಂದು ತುದಿಯನ್ನೇ ಹಿಡಿದುಕೊಂಡು ಓಡಾಡಿದ್ದೆ. ಇನ್ನೊಂದು ತುದಿಯಲ್ಲಿ ಇಡೀ ಅಂಗಳಕ್ಕೆ ಮೈಸೂರುಪಾಕು ಹಂಚಿದ ಹೆಂಗಸು ಇದ್ದಾಳೆ ಎಂದು ನೋಡಿರಲಿಲ್ಲ. ಟೈಮ್ ಕೀಪರು ಆ ಹಾಳೆಯನ್ನು ಓದಿದರು. “ನಾನ್ ಹೇಳ್ಲಾ?” ಎಂದರು. ಬೇಡ, ನಾನೇ ಹೇಳುತ್ತೇನೆ ಎಂದೆ.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾ ಮಾತುಗಳನ್ನು ಜೋಡಿಸಿಕೊಂಡೆ. ತಾಂತ್ರಿಕ ಕಾರಣದಿಂದ, ಪರಿಷ್ಕೃತ ಪಟ್ಟಿಯ ಪ್ರಕಾರ, ಹೀಗೆಲ್ಲ. ಗೇಟಿನ ಹೊರಗೆ ಹಂಗಾಮಿಗಳು ನಿಂತಿದ್ದರು. ಹಳೇನಗರದಮ್ಮ ಆ ಗುಂಪಿನಲ್ಲಿರಲಿಲ್ಲ. ಬುಧವಾರದಿಂದ ಆಕೆ ನೇರ ಒಳಗೆ ಹೋಗುತ್ತಿದ್ದಳಂತೆ, ಯಾರೂ ತಡೆದಿರಲಿಲ್ಲ. ಅಂಗಳದಲ್ಲಿ ಮರಳಿನ ರಾಶಿಯ ಪಕ್ಕದಲ್ಲಿ ಜರಡಿ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಜರಡಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, “ವಾಂಗ ಸಾರ್, ಬನ್ನಿ” ಎಂದಳು. ನನ್ನ ಬಾಯಿಗೆ ತಾಂತ್ರಿಕವೂ ಬರಲಿಲ್ಲ, ಪರಿಷ್ಕೃತವೂ ಬರಲಿಲ್ಲ. ನಾನು ಇನ್ನೊಬ್ಬರ ದಿನಗಳನ್ನು ನಿಮಗೆ ಸೇರಿಸಿಬಿಟ್ಟಿದ್ದೆ, ತಪ್ಪು ನನ್ನದು, ಹೊಸ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲ ಎಂದೆ.

ಆಕೆ ಅಳಲಿಲ್ಲ. ಬೈಯಲಿಲ್ಲ.

“ನಾನ್ ಎಷ್ಟನೇದು ಸಾರ್?”

“ಇಪ್ಪತ್ಮೂರು.”

“ಓ... ಹತ್ರಾನೇ ಬಂದಿದೀನಿ,” ಎಂದಳು.

ಆಕೆ ಬಗ್ಗಿ ಜರಡಿ ಎತ್ತಿಕೊಂಡಳು. ಎರಡು ಸಲ ಅಲ್ಲಾಡಿಸಿ ನಿಲ್ಲಿಸಿದಳು.

“ನನಗೆ ಗೊತ್ತಿತ್ತು ಸಾರ್. ಅಷ್ಟೊಂದು ದಿನ ನಾನು ಬಂದಿಲ್ಲ. ಎರಡು ಹೆರಿಗೆಗೆ ಬಿಟ್ಟಿದೀನಿ, ನಮ್ಮಮ್ಮಂಗೆ ಹುಷಾರಿಲ್ಲ ಅಂತ ಬಿಟ್ಟಿದೀನಿ. ಪಟ್ಟೀಲಿ ಮೊದಲನೇದು ನಂದೇ ಅಂದಾಗ ಭಯ ಆಯ್ತು. ಆಮೇಲೆ, ಕಂಪ್ಯೂಟರ್ ಅಲ್ವಾ, ಅದಕ್ಕೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ ಅಂದ್ಕೊಂಡೆ.”

ನಾನೂ ಹಾಗೇ ಅಂದುಕೊಂಡಿದ್ದೆ ಎಂದು ಆಕೆಗೆ ಹೇಳಬೇಕಿತ್ತು. ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದಾಗ ಆಕೆ ಬುತ್ತಿಯ ಡಬ್ಬಿ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿದ್ದಳು.